ಎಕ್ಸ್‌ಬಾ-1 ಪ್ಲಾಸ್ಮಿಡ್ ಕತ್ತರಿಸದಿದ್ದರೆ ಪಕ್ಕದ ಅಕ್ಷರ ನೋಡಿ

ಪಿಸಿಆರ್ ತುಣುಕನ್ನು (ಟ್ಯೂಬಿನಲ್ಲಿ ನಕಲು ಮಾಡಿದ ಡಿಎನ್‌ಎ) ಎಕ್ಸ್‌ಬಾ-1, ಅಂದರೆ ಡಿಎನ್‌ಎಯನ್ನು ನಿರ್ದಿಷ್ಟ ಅಕ್ಷರಗಳಿರುವಲ್ಲಿ ಕತ್ತರಿಸುವ ಎಂಜೈಮ್, ಸಲೀಸಾಗಿ ಕತ್ತರಿಸುತ್ತದೆ, ಅದೇ ಸೀಕ್ವೆನ್ಸ್ ಇರುವ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗೆ ಬೆಳೆಸಿದ ಉಂಗುರದ ಡಿಎನ್‌ಎ) ಮಾತ್ರ ಹಾಗೇ ಉಳಿಯುತ್ತದೆ ಅಂದಿದ್ದೀರಿ. ಹಾಗಿದ್ದರೆ ಎಂಜೈಮ್ ಕೆಟ್ಟಿಲ್ಲ ಬಿಡಿ. ನನಗೆ ಅನುಮಾನ ಮಿಥೈಲ್ ಮೇಲೆ, ಅಂದರೆ ಡಿಎನ್‌ಎ ಅಕ್ಷರಕ್ಕೆ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ಗುಂಪಿನ ಮೇಲೆ.

ಎಕ್ಸ್‌ಬಾ-1 ಕತ್ತರಿಸುವ ಸೈಟ್ ಟಿಸಿಟಿಎಜಿಎ, ಅದರ ಆಚೀಚೆ ನೋಡಿ. ಟಿಸಿಟಿಎಜಿಎ ಆದಮೇಲೆ ಟಿಸಿ ಬಂದಿದೆಯಾ? ಬಂದಿದ್ದರೆ ಅಲ್ಲೊಂದು ಜಿಎಟಿಸಿ ಆಯ್ತಲ್ವಾ. (ಮುಂಚೆ ಜಿಎ ಇದ್ದರೂ ಅದೇ ಕಥೆ.) ಮಾಮೂಲಿ ಇ. ಕೊಲೈ ಬ್ಯಾಕ್ಟೀರಿಯಾ ತಳಿಗಳಲ್ಲಿರುವ ಡ್ಯಾಮ್ ಮಿಥೈಲೇಸ್ ಅನ್ನುವ ಎಂಜೈಮ್, ಜಿಎಟಿಸಿಯ ಎ ಮೇಲೆ ಮಿಥೈಲ್ ಕೂರಿಸುತ್ತದೆ. ಬೇಸ್‌ಗಳ ಜೋಡಿಗೆ ಏನೂ ಆಗುವುದಿಲ್ಲ, ಅದಕ್ಕೇ ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ (ಡಿಎನ್‌ಎ ಅಕ್ಷರ ಓದುವ ವಿಧಾನ) ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಆ ಮಿಥೈಲ್ ಚಾಚಿಕೊಂಡಿರುವುದು ಡಿಎನ್‌ಎಯ ದೊಡ್ಡ ತೋಡಿನೊಳಗೆ. ಇಂಥ ಎಂಜೈಮ್‌ಗಳು ಸಾಮಾನ್ಯವಾಗಿ ಅಕ್ಷರ ಗುರುತಿಸುವುದೂ ಅಲ್ಲೇ. ಬೀಗದ ತೂತಿಗೆ ಕಡ್ಡಿ ತುರುಕಿದ ಹಾಗೆ. ಪಿಸಿಆರ್‌ನಲ್ಲಿ ನೀವು ಹಾಕಿದ್ದು ಬರೀ ನ್ಯೂಕ್ಲಿಯೋಟೈಡ್, ಅದರಲ್ಲಿ ಆ ತೊಂದರೆ ಇಲ್ಲ.

ಎಲ್ಲ ಎಂಜೈಮೂ ಹೀಗಲ್ಲ. ಜಿಎಟಿಸಿಯನ್ನೇ ಗುರುತಿಸುವ ಮೂರನ್ನು ನೋಡಿ: ಎಂಬೊ-1 ಮಿಥೈಲ್ ಕಂಡರೆ ನಿಲ್ಲುತ್ತದೆ, ಸಾ3ಎ-1 ಕ್ಯಾರೇ ಅನ್ನುವುದಿಲ್ಲ, ಡಿಪಿಎನ್-1ಗೆ ಮಿಥೈಲ್ ಇದ್ದರೇನೇ ಕೆಲಸ. ನಿಮ್ಮ ಪ್ಲಾಸ್ಮಿಡನ್ನು ಡಿಪಿಎನ್-1 ಚೂರು ಮಾಡಿದರೆ ಮಿಥೈಲ್ ಇದೆ ಅಂತಲೇ ಅರ್ಥ.

ಎಂಜೈಮ್ ಜಾಸ್ತಿ ಸುರಿದು ಸುಮ್ನೆ ಹಾಳು ಮಾಡಬೇಡಿ. ಡ್ಯಾಮ್ ಇಲ್ಲದ ತಳಿಗೆ ಪ್ಲಾಸ್ಮಿಡ್ ಹಾಕಿ, ಮತ್ತೆ ಮಿನಿಪ್ರೆಪ್ ಮಾಡಿ, ಅಂದರೆ ಆ ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ಹೊರತೆಗೆಯಿರಿ.