ಎದುರಾಳಿಗಳು ಒಂದಾದ ಗಳಿಗೆ

ಪ್ರಶ್ನೆ: ನಮ್ಮ ಪಂಚಾಯಿತಿಯ ಇಬ್ಬರು ಮುಖಂಡರು ವರ್ಷಗಳಿಂದ ಹಾವು–ಮುಂಗುಸಿಯಂತಿದ್ದವರು. ಒಬ್ಬರು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿದರೆ, ಮರುದಿನ ಇನ್ನೊಬ್ಬರದು ಒಂದಡಿ ಎತ್ತರಕ್ಕೆ ಏಳುತ್ತಿತ್ತು. ಈ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತತ್ವಾರವಾದಾಗ ಇಬ್ಬರೂ ಒಂದಾಗಿ ನೀರುಗಂಟಿಯನ್ನು ಕೆಲಸದಿಂದ ತೆಗೆಸಿದರು. ಊರೂ ಒಪ್ಪಿತು. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ಫ್ಲೆಕ್ಸುಗಳನ್ನು ಇನ್ನೊಮ್ಮೆ ನೋಡಿ. ಬಣ್ಣವೊಂದನ್ನು ಬಿಟ್ಟರೆ ಕೈಮುಗಿದ ಭಂಗಿ, ಹಬ್ಬದ ಶುಭಾಶಯ, ಕೆಳಗಿನ ಸಾಲಿನಲ್ಲಿ ಬೆಂಬಲಿಗರ ಪುಟ್ಟ ಮುಖಗಳು ಎರಡರಲ್ಲೂ ಒಂದೇ ಆಗಿರುತ್ತವೆ. ಫ್ರೆಂಚ್ ಚಿಂತಕ ರೆನೆ ಜಿರಾರ್ (1923–2015) ಹೇಳಿದ್ದು ಇದನ್ನೇ: ಏನನ್ನು ಬಯಸಬೇಕೆಂಬುದನ್ನು ನಾವು ಇನ್ನೊಬ್ಬರನ್ನು ನೋಡಿ ಕಲಿಯುತ್ತೇವೆ, ಇಬ್ಬರೂ ಒಂದನ್ನೇ ಬಯಸಿದಾಗ ಸ್ಪರ್ಧಿಗಳಾಗುತ್ತೇವೆ, ಸ್ಪರ್ಧೆ ಬಲಿತಂತೆ ಬಯಸಿದ ವಸ್ತುವೇ ಮರೆತುಹೋಗಿ ಒಬ್ಬರ ಪಡಿಯಚ್ಚು ಇನ್ನೊಬ್ಬರಾಗುತ್ತೇವೆ. ನಮ್ಮ ಹಿರಿಯರು ದಾಯಾದಿ ಮತ್ಸರ ಎಂದು ಕರೆದದ್ದೂ ಇದನ್ನೇ ಎಂದು ನನಗೆ ಅನಿಸುತ್ತದೆ.

ಈ ಹಗೆ ಊರನ್ನೇ ಎರಡು ಪಾಲು ಮಾಡಿ ಉಸಿರುಗಟ್ಟಿಸಿದಾಗ, ಎಲ್ಲರ ಸಿಟ್ಟೂ ಇಳಿಯಲು ಒಂದು ತಲೆ ಬೇಕಾಗುತ್ತದೆ. ನೀರುಗಂಟಿ ದಿನವೂ ವಾಲ್ವ್ ತಿರುಗಿಸುವವರಾದ್ದರಿಂದ ಎಲ್ಲರ ಕಣ್ಣಿಗೂ ಬೀಳುತ್ತಾರೆ, ಬೆನ್ನ ಹಿಂದೆ ಬಲವಿಲ್ಲದ್ದರಿಂದ ತಿರುಗಿ ಬೀಳಲಾರರು. ಗೂಬೆ ಕೂರಿಸಲು ಇಷ್ಟು ಸಾಕು. ಊರಿನವರು ಸುಳ್ಳೆಂದು ತಿಳಿದೂ ಒಪ್ಪಿದರೆಂದು ನಾನು ಭಾವಿಸುವುದಿಲ್ಲ. ಅವರು ಮನಸಾರೆ ನಂಬಿದ್ದಾರೆ, ಹಾಗೆ ನಂಬದಿದ್ದರೆ ಸಿಟ್ಟು ಇಳಿಯುತ್ತಲೂ ಇರಲಿಲ್ಲ.

1349ರ ಫೆಬ್ರುವರಿಯಲ್ಲಿ ಯುರೋಪಿನ ಸ್ಟ್ರಾಸ್‌ಬರ್ಗ್ ನಗರದ ಜನ, ಬಾವಿಗಳಿಗೆ ವಿಷ ಬೆರೆಸಿ ಪ್ಲೇಗ್ ಹರಡುತ್ತಿದ್ದಾರೆಂಬ ಆರೋಪ ಹೊರಿಸಿ ಯಹೂದಿಗಳನ್ನು ಸುಟ್ಟರು. ಆಗ ಪ್ಲೇಗ್ ಆ ನಗರವನ್ನು ಇನ್ನೂ ಮುಟ್ಟಿರಲೇ ಇಲ್ಲ. ಅನಂತರ ಬಂದೇ ಬಂತು. ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರಕ್ಕೆ ಮಂಗನ ಕಾಯಿಲೆ ಎಂಬ ಹೆಸರು ಅಂಟಿತು. ಕಚ್ಚಿ ದಾಟಿಸುವುದು ಉಣುಗು. ಅದೇ ವೈರಾಣುವಿಗೆ ಸಿಕ್ಕಿ ಮಂಗವೂ ಸಾಯುತ್ತದೆ. ಆದರೂ ಮರದ ಕೆಳಗೆ ಸತ್ತುಬಿದ್ದ ಮಂಗ ಕಣ್ಣಿಗೆ ಬೀಳುತ್ತದೆ, ತರಗೆಲೆಯೊಳಗಿನ ಉಣುಗು ಬೀಳುವುದಿಲ್ಲ.

ನೀರುಗಂಟಿಯ ತಪ್ಪು ಒಂದಿಷ್ಟೂ ಇರಲಿಲ್ಲವೆಂದು ಇಲ್ಲಿ ಕುಳಿತು ಹೇಳಲಾರೆ. ಮುಂದಿನ ಗ್ರಾಮಸಭೆಯಲ್ಲಿ ಪಂಪು ಎಷ್ಟು ದಿನ ಕೆಟ್ಟಿತ್ತು, ದುರಸ್ತಿಯ ಬಿಲ್ಲು ಯಾರ ಮೇಜಿನ ಮೇಲೆ ಎಷ್ಟು ಕಾಲ ಕುಳಿತಿತ್ತು ಎಂದು ದಿನಾಂಕ ಸಹಿತ ಕೇಳಿ. ನೀರುಗಂಟಿಯನ್ನೂ ಕರೆಸಿ, ಅವರ ಮಾತೂ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.