ಜ್ವರ ಬಂದಾಗ ಅಮೋನಿಯಾ ಏರುವುದು ಬೇಳೆಯಿಂದ ಅಲ್ಲ

ಅಪ್ಪನಿಗೆ ಸಿರೋಸಿಸ್ (ಲಿವರ್ ಹಾಳಾಗಿ ಗಾಯದ ಕಲೆಗಟ್ಟುವ ಕಾಯಿಲೆ) ಇದೆ, ಊಟ ಎಂದಿನಂತೆಯೇ ಇತ್ತು, ಮೂತ್ರದ ಸೋಂಕಿನಿಂದ ಜ್ವರ ಬಂದ ಎರಡೇ ದಿನಕ್ಕೆ ಮಾತು ತಡವರಿಸಿ ಅಮೋನಿಯಾ ಏರಿತು, ಬೇಳೆ ಜಾಸ್ತಿ ಆಯ್ತಾ ಅಂತ ಕೇಳಿದ್ದೀರಿ. ಬೇಳೆಯ ತಪ್ಪಿಲ್ಲ, ಜ್ವರದ್ದು.

ನಾನು ಡಾಕ್ಟರ್ ಅಲ್ಲ. ಡೊಂಬಿವಲಿಯಲ್ಲಿ ಮನೆ, ಥಾಣೆಯ ಲ್ಯಾಬಿನಲ್ಲಿ ಕೆಲಸ. ನಮ್ಮ ಮಾವನಿಗೂ ಕಾಲಿನ ಸೋಂಕಿನಲ್ಲಿ ಹೀಗೇ ಆಗಿತ್ತು. ದಿನಾ ಹಾಲಿನ ಲೆಕ್ಕ ಬರೆಯುವ ಮನುಷ್ಯ, ಅವತ್ತು ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿದ್ದವು. ಕೈ ಮುಂದೆ ಚಾಚಿ ಅಂದರೆ ಮಣಿಕಟ್ಟು ಪಟಪಟ ಬಡಿಯುತ್ತಿತ್ತು.

ಪ್ರೋಟೀನ್ ಒಡೆದಾಗ ಅದರ ನೈಟ್ರೋಜನ್ ಅಮೋನಿಯಾ ಆಗುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಸಾಗಿಸುತ್ತದೆ, ಸಾಗದೆ ರಕ್ತದಲ್ಲಿ ಉಳಿದರೆ ಮೆದುಳು ಮಂಕಾಗುತ್ತದೆ. 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಎಂಬ ವಿಜ್ಞಾನಿಗಳು ವಿವರಿಸಿದ ಯೂರಿಯಾ ಚಕ್ರ, ಅಂದರೆ ಅಮೋನಿಯಾ ಯೂರಿಯಾ ಆಗುವ ಹಾದಿ, ಇದೇ. ಸೋಂಕು ಬಂತು ಅನ್ನಿ, ಇಂಟರ್‌ಲ್ಯೂಕಿನ್-6ರಂಥ ಸಂಕೇತಗಳು ಲಿವರ್ ತಲುಪುತ್ತವೆ, ಅದು ಇದ್ದ ಕೆಲಸ ಬದಿಗಿಟ್ಟು ಸೋಂಕಿನ ಹೊತ್ತಿಗೆ ಬೇಕಾಗುವ ಸಿಆರ್‌ಪಿಯಂಥ ಪ್ರೋಟೀನ್ ತಯಾರಿಸಲು ಕೂರುತ್ತದೆ. ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿ ನೋಡಿದಾಗ ಯೂರಿಯಾ ಚಕ್ರದ ಕಿಣ್ವಗಳ ಜೀನ್‌ಗಳು ಮಂಕಾಗಿದ್ದು ಕಂಡಿದೆ. ಅದೇ ಹೊತ್ತಿಗೆ ಜ್ವರ ಸ್ನಾಯುವನ್ನೂ ಕರಗಿಸುತ್ತದೆ, ಅಂದರೆ ಬಾಯಿಗೆ ಒಂದು ತುತ್ತು ಹಾಕದಿದ್ದರೂ ಮೈಯೊಳಗಿಂದಲೇ ನೈಟ್ರೋಜನ್ ಬರುತ್ತಲೇ ಇರುತ್ತದೆ. ಆರೋಗ್ಯವಾದ ಲಿವರ್ ಇದ್ದವರು ಇದನ್ನು ತಡೆದುಕೊಳ್ಳುತ್ತಾರೆ, ಸಿರೋಸಿಸ್‌ನಲ್ಲಿ ಆ ಕಸುವು ಉಳಿದಿರುವುದಿಲ್ಲ. ಸಾಲದ್ದಕ್ಕೆ ಉರಿಯೂತ ಇದ್ದಾಗ ಮೆದುಳೂ ಅಮೋನಿಯಾಕ್ಕೆ ಬೇಗ ಸೋಲುತ್ತದೆ.

ರಿಪೋರ್ಟಿನ ಅಂಕಿಯನ್ನೇ ಹಿಡಿದು ಕೂರಬೇಡಿ. ಅಮೋನಿಯಾ ಟ್ಯೂಬನ್ನು ಐಸಿನಲ್ಲಿಟ್ಟು ತಕ್ಷಣ ಲ್ಯಾಬಿಗೆ ಕೊಡಬೇಕು, ಇಲ್ಲದಿದ್ದರೆ ಟ್ಯೂಬಿನೊಳಗೇ ಏರುತ್ತದೆ. ಘೋಡ್‌ಬಂದರ್ ರಸ್ತೆಯ ಸಂಜೆ ಟ್ರಾಫಿಕ್ಕಲ್ಲಿ ಬ್ಯಾಗಿನೊಳಗೆ ಸುಮ್ನೆ ಕೂತು ಬಂದ ಟ್ಯೂಬ್ ಏನು ಹೇಳಿದರೂ ನಾನಂತೂ ನಂಬುವುದಿಲ್ಲ.

ನಾವು ಮಾಡಿದ ತಪ್ಪು ಬೇರೆ. ಹೆದರಿ ಮಾವನಿಗೆ ಒಂದು ತಿಂಗಳು ಬೇಳೆ, ಮೊಟ್ಟೆ, ಮೊಸರು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಟ್ಟೆವು, ತೊಡೆ ಕಡ್ಡಿಯಾಯಿತು. ಸ್ನಾಯು ಅಮೋನಿಯಾವನ್ನು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಮಾಡಿ ಲಿವರ್‌ಗೆ ಹೆಗಲು ಕೊಡುತ್ತದೆ ಅಂತ ಓದಿದ್ದೆ, ಮನೆಯಲ್ಲಿ ನೆನಪಾಗಲಿಲ್ಲ ಅಷ್ಟೆ! ಈಗಿನ ಸಲಹೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕಿಲೋ ಇದ್ದವರಿಗೆ 72 ಗ್ರಾಂ ಆದರೂ ಬೇಕು, ಅದು ಕಮ್ಮಿ ಏನಲ್ಲ. ಮಲಗುವ ಮುಂಚೆ ಏನಾದರೂ ತಿಂದರೆ ರಾತ್ರಿ ಸ್ನಾಯು ಕರಗುವುದು ತಗ್ಗುತ್ತದೆ.

ಮಲದ ಜೊತೆ ಅಮೋನಿಯಾ ಹೊರಹಾಕಲು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದ್ದರೆ ದಿನಕ್ಕೆ 2-3 ಸಲ ಮಲ ಮೆತ್ತಗೆ ಹೋಗುತ್ತಿದೆಯಾ ನೋಡಿ. ಮುಂದಿನ ಸಲ ಜ್ವರ ಬಂದರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ಮಾತು ತಪ್ಪಿದರೆ ಅಥವಾ ಹಗಲೆಲ್ಲ ಮಂಪರು ಬಂದರೆ ನೇರ ಆಸ್ಪತ್ರೆಗೆ. ನಾವೀಗಲೂ ಮಾವನ ಹಾಲಿನ ಲೆಕ್ಕದ ಪುಸ್ತಕದ ಮೇಲೆ ಒಂದು ಕಣ್ಣಿಟ್ಟಿರುತ್ತೇವೆ.