ಕಥೆ ಇರುವ ಗೇಮ್: ಕೈಗೆ ಏನು ಕೆಲಸ ಅಂತ ಮೊದಲು ನೋಡಿ

ಪ್ರಶ್ನೆ: ಅಕ್ಕಾ, ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಗೆ ಬರುವಷ್ಟರಲ್ಲಿ ರಾತ್ರಿ ಎಂಟು. ಈಗ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡಿದ್ದೇನೆ, ಕಥೆ ಇರುವ ಗೇಮ್ ಆಡಬೇಕು ಅಂತ ಆಸೆ. ಒಬ್ಬ ಗೆಳೆಯ ರೆಡ್ ಡೆಡ್ ರಿಡೆಂಪ್ಷನ್ 2 ಬಿಟ್ಟು ಬೇರೆ ಮುಟ್ಟಬೇಡ ಅಂತಾನೆ. ಇನ್ನೊಬ್ಬ, ಬರೀ ಕಥೆಗೆ ದುಡ್ಡು ಯಾಕೆ, ಯೂಟ್ಯೂಬ್‌ನಲ್ಲಿ ಪೂರ್ತಿ ಆಡಿ ಹಾಕಿರ್ತಾರೆ, ನೋಡಿದ್ರೆ ಸಾಕು ಅಂತಾನೆ. ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಕೊಳ್ಳೋಕೆ ಆಗಲ್ಲ. ಹೇಗೆ ಆರಿಸಲಿ?

ಉತ್ತರ: ತಮ್ಮಾ, ನಿನ್ನ ಎರಡನೇ ಗೆಳೆಯನ ಮಾತನ್ನೇ ಪರೀಕ್ಷೆಯಾಗಿ ಇಟ್ಟುಕೋ. ಕೊಳ್ಳುವ ಮೊದಲು ಆ ಗೇಮನ್ನು ಯಾರಾದರೂ ಆಡುವುದನ್ನು ಹತ್ತು ನಿಮಿಷ ನೋಡು. ಮೊದಲ ಹತ್ತು ನಿಮಿಷ ಮಾತ್ರ, ಮುಂದೆ ಹೋಗಬೇಡ. ನೋಡುವಾಗ ಆಡುವವನ ಕೈ ಏನು ಮಾಡುತ್ತಿದೆ ಅನ್ನುವುದನ್ನು ಗಮನಿಸು. ಆ ಕೆಲಸಕ್ಕೂ ಕಥೆಗೂ ಸಂಬಂಧ ಇದೆಯಾ? ಗುಂಡು ಹೊಡೆಯುವುದು, ಆಮೇಲೆ ಐದು ನಿಮಿಷ ಸಿನಿಮಾ ನೋಡುವುದು, ಮತ್ತೆ ಗುಂಡು ಹೊಡೆಯುವುದು, ಬರೀ ಹೀಗೇ ನಡೆದರೆ ಕಥೆ ಎಷ್ಟೇ ಚೆನ್ನಾಗಿರಲಿ ಯೂಟ್ಯೂಬ್ ಸಾಕು. ನಿನ್ನ ದುಡ್ಡು ಉಳಿಯಿತು.

ಆದರೆ ಕೆಲವು ಕಥೆಗಳನ್ನು ಕೈಯಲ್ಲೇ ಅನುಭವಿಸಬೇಕು, ನೋಡಿದರೆ ಸಿಗುವುದಿಲ್ಲ. 2017ರಲ್ಲಿ ಬಂದ ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್ ಅನ್ನು ನಾನು ಯಾರು ಕೇಳಿದರೂ ಮೊದಲು ಹೇಳುತ್ತೇನೆ. ಒಂದು ಮನೆತನ, ಅದರ ಒಬ್ಬೊಬ್ಬರ ಸಾವಿನ ಕಥೆ. ಅದರಲ್ಲಿ ಒಬ್ಬ ಹುಡುಗ ಮೀನಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ನಿನ್ನ ಒಂದು ಕೈ ಮೀನು ಎತ್ತಿ ಕತ್ತರಿಗೆ ಒಡ್ಡಿ ತಲೆ ತೆಗೆದು ಆಚೆ ಎಸೆಯಬೇಕು, ಮತ್ತೆ ಮೀನು, ಮತ್ತೆ ಮೀನು. ಇನ್ನೊಂದು ಕೈ ಅವನ ತಲೆಯೊಳಗಿನ ಕನಸಿನ ಊರಿನಲ್ಲಿ ಪುಟ್ಟ ಮನುಷ್ಯನನ್ನು ನಡೆಸಬೇಕು. ಕನಸು ನಿಧಾನಕ್ಕೆ ಬೆಳೆದು ಪರದೆ ತುಂಬುತ್ತದೆ, ಮೀನು ಕಾಣದಂತಾಗುತ್ತದೆ. ಕೈ ಮಾತ್ರ ಕತ್ತರಿಸುತ್ತಲೇ ಇರುತ್ತದೆ. ಅದು ನಿನಗೆ ಗೊತ್ತೂ ಆಗುವುದಿಲ್ಲ! ದಿನವಿಡೀ ಒಂದೇ ಕೆಲಸ ಮಾಡುವವರ ಮನಸ್ಸು ಎಲ್ಲಿ ಹೋಗುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಇಡೀ ಗೇಮ್ ಎರಡರಿಂದ ಮೂರು ಗಂಟೆ, ಒಂದು ಭಾನುವಾರಕ್ಕೆ ಮುಗಿಯುತ್ತದೆ.

ಅದೇ ಥರ ಪೇಪರ್ಸ್, ಪ್ಲೀಸ್. 2013ರದ್ದು, ಲ್ಯೂಕಸ್ ಪೋಪ್ ಮಾಡಿದ್ದು. ಅರ್ಸ್ಟೊಟ್ಸ್ಕಾ ಅನ್ನುವ ಕಲ್ಪನೆಯ ದೇಶ, 1982ನೇ ಇಸವಿ, ನೀನು ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ಸರಿಯಾಗಿ ನೋಡಿ ಕಳಿಸಿದ ಒಬ್ಬೊಬ್ಬರ ಲೆಕ್ಕದಲ್ಲಿ ನಿನಗೆ 5 ಕ್ರೆಡಿಟ್ ಸಿಗುತ್ತದೆ. ಆ ದುಡ್ಡಿನಲ್ಲೇ ಮನೆ ಬಾಡಿಗೆ, ಊಟ, ಚಳಿಗೆ ಬೆಂಕಿ, ಮಗನ ಔಷಧಿ ಎಲ್ಲ ಆಗಬೇಕು. ಒಂದು ದಿನ ಒಬ್ಬ ಬರುತ್ತಾನೆ, ಅವನ ಕಾಗದ ಸರಿ ಇದೆ. ಹೋಗುವಾಗ, ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅಂತಾನೆ. ಅವಳ ಹತ್ತಿರ ಕಾಗದ ಪೂರ್ತಿ ಇಲ್ಲ. ಬಿಟ್ಟರೆ ತಪ್ಪು ನಿನ್ನ ತಲೆಗೆ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ದಂಡ. ಎಷ್ಟು ತಪ್ಪಾಗಿದೆ ಅಂತ ಲೆಕ್ಕ ಹಾಕುತ್ತಾ ನೀನು ಸೀಲ್ ಕೈಗೆತ್ತಿಕೊಳ್ಳುತ್ತೀಯಲ್ಲ, ಆ ಕ್ಷಣ ನೋಡುವವನಿಗೆ ಬರುವುದೇ ಇಲ್ಲ.

ಇನ್ನೊಂದು ವಿಷಯ. ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ, ಯಾರೂ ಹೇಳಬೇಡಿ ಅಂತ ಎಲ್ಲರೂ ಕೂಗುವ ಗೇಮ್‌ಗೆ ಆತುರ ಬೇಡ. ನಿಮ್ಮ ಜಿಲ್ಲೆಯ ಮೋರನಾಳದಲ್ಲಿ ತೊಗಲು ಗೊಂಬೆ ಆಡಿಸುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರು ಆಡಿಸುವುದು ರಾಮಾಯಣ, ಮಹಾಭಾರತ. ಮುಂದೆ ಏನಾಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಬಯಲಾಟವೂ ಹಾಗೇ. ಗೊತ್ತಿದ್ದ ಕಥೆಗೇ ನಮ್ಮ ಜನ ರಾತ್ರಿ ಪೂರ್ತಿ ಕೂರುತ್ತಾರೆ, ಯಾಕೆಂದರೆ ಅದು ಹೇಗೆ ನಡೆಯುತ್ತದೆ ಅನ್ನುವುದರಲ್ಲೇ ರುಚಿ. ಕೊನೆ ಗೊತ್ತಾದ ಮೇಲೂ ಜನ ಎರಡನೇ ಸಲ ಆಡುತ್ತಿದ್ದಾರೆ ಅಂದರೆ ಆ ಗೇಮ್ ಗಟ್ಟಿ ಇದೆ ಅಂತ ನಂಬಬಹುದು.

ಕೊನೆಗಳ ಎಣಿಕೆಗೂ ಮರುಳಾಗಬೇಡ. ಇಷ್ಟು ಆಯ್ಕೆ, ಇಷ್ಟು ಕ್ಲೈಮ್ಯಾಕ್ಸ್ ಅನ್ನುವುದನ್ನೇ ನಂಬಿ ನಾನೇ ಒಂದು ಗೇಮ್ ಕೊಂಡು ಮೂರು ವಾರ ಕಳೆದಿದ್ದೇನೆ, ಈಗ ಅದರ ಒಂದು ಪಾತ್ರದ ಹೆಸರೂ ನೆನಪಿಲ್ಲ. ಟೆಲ್‌ಟೇಲ್ ಕಂಪನಿಯ ದ ವಾಕಿಂಗ್ ಡೆಡ್ 2012ರಲ್ಲಿ ಬಂತು, ಐದು ಕಂತು. ನೀನು ಏನೇ ಆರಿಸಿದರೂ ಕಥೆ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ಹೋಗುತ್ತದೆ. ಆದರೆ ನಿನ್ನ ಜೊತೆ ಕ್ಲೆಮೆಂಟೈನ್ ಅನ್ನುವ ಪುಟ್ಟ ಹುಡುಗಿ ಇದ್ದಾಳೆ, ನೀನು ಮಾಡುವುದನ್ನೆಲ್ಲ ನೋಡುತ್ತಿದ್ದಾಳೆ. ಮಗು ನೋಡುತ್ತಿದೆ ಅನ್ನುವುದೊಂದೇ ಸಾಕು, ಪ್ರತಿ ಮಾತಿಗೂ ಯೋಚನೆ ಮಾಡುತ್ತೀಯ.

ಈಗ ರೆಡ್ ಡೆಡ್ ರಿಡೆಂಪ್ಷನ್ 2. ಒಳ್ಳೆಯದೇ, ನನಗೆ ಬಹಳ ಇಷ್ಟ. 1899ರ ಅಮೆರಿಕ, ಚದುರಿಹೋಗುತ್ತಿರುವ ಒಂದು ದರೋಡೆಕೋರರ ಗುಂಪು. ಕುದುರೆ ಮೈ ತಿಕ್ಕಬೇಕು, ಬೇಟೆಯ ಚರ್ಮ ಸುಲಿಯಬೇಕು, ಗುಂಪಿನ ಖರ್ಚಿಗೆ ದುಡ್ಡು ಹಾಕಬೇಕು. ಎಲ್ಲವೂ ನಿಧಾನ, ಆ ನಿಧಾನದಲ್ಲೇ ಅವರು ನಿನ್ನ ಜನ ಆಗುತ್ತಾರೆ. ಆದರೆ ಮುಖ್ಯ ಕಥೆಯೇ ಸುಮಾರು 50 ಗಂಟೆ. ದಿನಕ್ಕೆ ಒಂದು ಗಂಟೆ ಸಿಕ್ಕರೆ ನಿನಗೆ ಅದು 50 ರಾತ್ರಿ. ಜಾಗ 150 ಜಿಬಿ ಬೇಕು. ಫೋನ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ 2 ಜಿಬಿ ಅಂದರೆ ಇಳಿಸುವುದಕ್ಕೇ 75 ದಿನ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ, ಸೇಲ್‌ನಲ್ಲಿ ತಗೋ. ಮೊದಲ ಗೇಮ್ ಸಣ್ಣದಿರಲಿ.

ನಮ್ಮ ಕಡೆಯವರು ಇನ್ನೊಂದು ಕೇಳಲೇಬೇಕು: ಸೇವ್ ಯಾವಾಗ ಆಗುತ್ತದೆ, ಅಂದರೆ ಆಡಿದಷ್ಟು ಯಾವಾಗ ಉಳಿಯುತ್ತದೆ? ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ನಿಲ್ಲಲ್ಲ. ಪೇಪರ್ಸ್, ಪ್ಲೀಸ್‌ನಲ್ಲಿ ಪ್ರತಿ ದಿನದ ಕೊನೆಗೆ ತಾನೇ ಸೇವ್ ಆಗುತ್ತದೆ, ಹೋದರೆ ಒಂದು ದಿನದ ಆಟ ಅಷ್ಟೇ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದ ಒಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಈ ನಿಯಮ ಇರುವುದೇ ನಿನ್ನಂಥವರಿಗೆ, ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ದ ಲಾಸ್ಟ್ ಆಫ್ ಅಸ್ ಬೇಕು ಅಂತ ಹಟ ಹಿಡಿದಿದ್ದಾನೆ. ಅದು ಹೊಡೆದಾಟದ್ದಲ್ಲ, ಕಥೆ ಇರೋದು ಅಂತಾನೆ. ನನಗೆ ಇದೆಲ್ಲ ತಿಳಿಯಲ್ಲ ಮೇಡಂ. ಕೊಡಿಸಲಾ? (ರಾಯಚೂರಿನ ಒಬ್ಬ ತಾಯಿ)

ಉತ್ತರ: ಈಗ ಬೇಡ ಅಕ್ಕಾ. ಅವನು ಹೇಳಿದ್ದು ಅರ್ಧ ನಿಜ. ಕಥೆ ದೊಡ್ಡದೇ, ಮಗಳನ್ನು ಕಳೆದುಕೊಂಡ ತಂದೆಯೊಬ್ಬ ಬೇರೊಂದು ಹುಡುಗಿಯನ್ನು ಕಾಪಾಡಿಕೊಂಡು ಹೋಗುವುದು. ಆದರೆ ಅದರಲ್ಲಿ ಕೊಲ್ಲುವುದು ತುಂಬಾ ಹತ್ತಿರದಿಂದ, ತುಂಬಾ ಕ್ರೂರವಾಗಿ ನಡೆಯುತ್ತದೆ. ಯಾವ ವಯಸ್ಸಿಗೆ ಯಾವ ಗೇಮ್ ಅಂತ ಹೇಳುವ ಯುರೋಪಿನ ಪೆಗಿ ಗುರುತಿನಲ್ಲಿ ಅದು 18 ದಾಟಿದವರಿಗೆ. ಈ ನಂಬರ್ ಗೇಮ್ ಡಬ್ಬಿಯ ಮೇಲೇ ಇರುತ್ತದೆ, ಯಾವ ಗೇಮ್ ಕೇಳಿದರೂ ಮೊದಲು ಅದನ್ನು ನೋಡಿ.

ಬೇಡ ಅಂದು ಸುಮ್ಮನಾಗಬೇಡಿ, ಬದಲಿಗೆ ಒಂದು ಕೊಡಿ. ವೆನ್ಬಾ ಅಂತ ಒಂದಿದೆ, 2023ರದ್ದು. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅಮ್ಮನ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ. ಇಡ್ಲಿ ಪಾತ್ರೆಗೆ ತಟ್ಟೆ ಹೇಗೆ ಜೋಡಿಸಬೇಕು ಅಂತ ಆಡುವವನೇ ಕಂಡುಹಿಡಿಯಬೇಕು. ಅಲ್ಲಿ ಮಗನಿಗೆ ನೀವು ಬೇಕಾಗುತ್ತೀರಿ! ಪಕ್ಕದಲ್ಲಿ ಕೂತು ಹೇಳಿಕೊಡಿ. ಮಗ ದೊಡ್ಡವನಾಗಿ ಮನೆಯ ಭಾಷೆಯಿಂದ ದೂರ ಹೋಗುವ ಭಾಗ ಬಂದಾಗ ಇಬ್ಬರೂ ಒಟ್ಟಿಗೆ ನೋಡಿ. ಒಂದೂವರೆ ಗಂಟೆಯ ಆಟ.

ಪ್ರಶ್ನೆ: ಬಳ್ಳಾರಿಯ ಹಾಸ್ಟೆಲ್‌ನಲ್ಲಿದ್ದೇನೆ, ಫೋನ್ ಬಿಟ್ಟು ಏನೂ ಇಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ನನಗೆ ಏನಾದರೂ ಇದೆಯಾ?

ಉತ್ತರ: ಇದೆ ತಂಗೀ. ಫ್ಲಾರೆನ್ಸ್, 2018ರದ್ದು, ಮಾತೇ ಇಲ್ಲ ಅನ್ನಬಹುದು. ಒಬ್ಬ ಹುಡುಗಿ, ಅವಳ ಮೊದಲ ಪ್ರೀತಿ. ಮೊದಲ ಭೇಟಿಯಲ್ಲಿ ಅವಳು ಒಂದು ಮಾತಾಡಬೇಕಾದರೆ ನೀನು ಹಲವು ತುಂಡು ಜೋಡಿಸಬೇಕು. ಪರಿಚಯ ಹೆಚ್ಚಿದಂತೆ ತುಂಡು ಕಮ್ಮಿಯಾಗುತ್ತವೆ, ಮಾತು ಸಲೀಸು. ಮುಂದೆ ಜಗಳ ಬಂದಾಗ ತುಂಡುಗಳ ಅಂಚು ಚೂಪಾಗುತ್ತದೆ, ಜೋಡಿಸುವುದೂ ಬೇಗ ಆಗಿಬಿಡುತ್ತದೆ. ಸಿಟ್ಟಿನ ಮಾತು ಹಾಗೇ ಅಲ್ವಾ? ಇದನ್ನು ಮಾತಿಲ್ಲದೆ ಬೆರಳಿಗೆ ತಿಳಿಸಿದ್ದಾರೆ, ನಾನು ಅದನ್ನು ಮುಗಿಸಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಒಂದು ಗಂಟೆಯೂ ಆಗುವುದಿಲ್ಲ. ಮೇಲೆ ಹೇಳಿದ ಪೇಪರ್ಸ್, ಪ್ಲೀಸ್ ಕೂಡ 2022ರಿಂದ ಫೋನಿಗೆ ಸಿಗುತ್ತದೆ. ಆದರೆ ಅದರಲ್ಲಿ ಓದುವುದು ಜಾಸ್ತಿ, ಅದನ್ನು ಎರಡನೆಯದಾಗಿ ಇಟ್ಟುಕೋ.

ಪ್ರಶ್ನೆ: ಎಲ್ಲರೂ ಹೊಗಳಿದ ಡಿಸ್ಕೋ ಎಲಿಸಿಯಂ ಗೇಮ್ ಶುರು ಮಾಡಿ ಬಿಟ್ಟುಬಿಟ್ಟೆ. ನನ್ನಲ್ಲೇ ಏನೋ ಕೊರತೆಯಾ? (ಸಿಂಧನೂರು)

ಉತ್ತರ: ಇಲ್ಲ ಅಣ್ಣಾ. ಅದರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಪದ ಇದೆ, ಎಲ್ಲ ಗಡಸು ಇಂಗ್ಲಿಷು. ಕುಡಿದು ತನ್ನ ಹೆಸರೇ ಮರೆತ ಪೊಲೀಸ್, ಹಿತ್ತಲಿನ ಮರಕ್ಕೆ ತೂಗುತ್ತಿರುವ ಹೆಣ, ಅಷ್ಟು ತಿಳಿಯುವುದಕ್ಕೇ ಒಂದು ಸಂಜೆ ಬೇಕು. ನಾನೂ ಎರಡು ಸಲ ಬಿಟ್ಟಿದ್ದೆ. ಮೂರನೇ ಸಲ ರಜೆಯಲ್ಲಿ, ಒಂದು ದಿನಕ್ಕೆ ಇಬ್ಬರ ಜೊತೆ ಮಾತ್ರ ಮಾತಾಡುವುದು ಅಂತ ಇಟ್ಟುಕೊಂಡೆ, ಆಗ ಹಿಡಿಯಿತು. ಹಳೇ ಸೇವ್ ಅಳಿಸಬೇಡಿ, ಆದರೆ ಅಲ್ಲಿಂದ ಮುಂದುವರಿಸಲೂ ಬೇಡಿ. ಮೊದಲಿನಿಂದ ಶುರು ಮಾಡಿ.